ಮೆಟ್ಟಿಲಿಲ್ಲದ ಕೋಣೆ

ನಡುಮನೆಯಿಂದ ಅತ್ತೆ ಉರುಳಿಸಿದ ದಾರದ ಉಂಡೆ ಎಲ್ಲೂ ತಡೆಯದೆ ಬಾಗಿಲು ದಾಟಿ, ಗ್ಯಾರೇಜಿನಲ್ಲಿ ಎತ್ತರಿಸಿದ ಹೊಸ ನೆಲದ ಮೇಲೆ ನಿಂತಿತು.

"ನೋಡಿದ್ರಾ ಅಮ್ಮ, ಮಟ್ಟ ಅಂದ್ರೆ ಮಟ್ಟ!" ಎಂದು ಮೇಸ್ತ್ರಿ ಹಿಗ್ಗಿದ. ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡಿದರು. ಹೊಲಿಗೆ ಕೋಣೆ ಎಂದು ಸೊಸೆ ಹೇಳಿದ್ದೆಲ್ಲ ಬರೀ ನೆಪ. ಮೆಟ್ಟಿಲಿಲ್ಲದ ಕೋಣೆ ಮಂಡಿನೋವಿನ ತನಗಲ್ಲದೆ ಇನ್ಯಾರಿಗೆ?

"ಕಾರು ನಿಲ್ಲಿಸೋ ಜಾಗಕ್ಕೆ ನನ್ನನ್ನ ಸಾಗಹಾಕ್ತೀಯೇನೇ?"

ಸೊಸೆ ಉಂಡೆಯನ್ನು ಎತ್ತಿಕೊಂಡು ಹತ್ತಿರ ಬಂದಳು. "ನಿಮಗಲ್ಲ ಅತ್ತೆ, ನನಗೆ," ಎಂದು ಪಿಸುಗುಟ್ಟಿದಳು. "ನಿಮ್ಮ ಮಗ ಕೈ ಎತ್ತಿದಾಗ ಕತ್ತಲಲ್ಲಿ ಓಡಿಬರಬೇಕಲ್ಲ, ಎಡವಬಾರದು."

ಅತ್ತೆ ಅವಳ ಕೈಯಿಂದ ಉಂಡೆಯನ್ನು ತೆಗೆದುಕೊಂಡರು. ಆಮೇಲೆ ಮೇಸ್ತ್ರಿಯತ್ತ ತಿರುಗಿದರು.

"ಬಾಗಿಲಿಗೆ ಚಿಲಕ ಒಳಗಡೆ ಇರ್ಲಪ್ಪ. ಒದ್ದ್ರೂ ಕಿತ್ತು ಬರಬಾರ್ದು, ಹಾಗೆ ಗಟ್ಟಿಯಾಗಿ ಹಾಕು."