ಮುಂದಿನ ವರ್ಷದ ಕಂಪ್ಯೂಟರ್

ಮಗಳ ಹಾಸ್ಟೆಲ್ ಅರ್ಜಿ ಕಳಿಸಲು ಇವತ್ತು ಸಂಜೆ ಐದು ಗಂಟೆಯೇ ಕೊನೆ. ಕಂಪ್ಯೂಟರ್ ಮಾತ್ರ ಬೆಳಗಿನಿಂದ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಹಟ ಹಿಡಿದು ಕೂತಿತ್ತು. ವಾರಿಜ ರೂಟರನ್ನು ಮೂರು ಸಲ ಆರಿಸಿ ಹಾಕಿದಳು. ಪರದೆಯನ್ನು ಸೆರಗಿನಿಂದ ಒರೆಸಿಯೂ ನೋಡಿದಳು. ಕೊನೆಗೆ ಚಪಾತಿ ಹಿಟ್ಟಿನ ಕೈಯಲ್ಲೇ ಕಾಲೇಜಿನ ಸಹಾಯವಾಣಿಗೆ ಫೋನ್ ಮಾಡಿದಳು.

“ನಿಮ್ಮ ಸರ್ವರ್ರೇ ಕೆಟ್ಟಿದೆ ಕಣಮ್ಮಾ. ನಮ್ಮನೇಲಿ ಎಲ್ಲಾ ಸರಿಯಾಗಿದೆ.”

“ಇರಬಹುದು ಮೇಡಂ,” ಎಂದಿತು ಆಚೆಯ ಹುಡುಗಿಯ ದನಿ. “ಪರದೆ ಮೂಲೇಲಿ ತಾರೀಕು ಏನಿದೆ, ಓದ್ತೀರಾ?”

ವಾರಿಜ ಓದಿದಳು. ಆಚೆಯವಳಿಗೆ ನಗು ತಡೆಯಲಾಗಲಿಲ್ಲ.

“ನೀವು ಮುಂದಿನ ವರ್ಷದಲ್ಲಿದ್ದೀರಿ ಮೇಡಂ! ಅಷ್ಟೊತ್ತಿಗೆ ನಮ್ಮ ಸರ್ವರ್ ಅಸಲಿ ಅನ್ನೋ ಸರ್ಟಿಫಿಕೇಟಿನ ಅವಧಿ ಮುಗಿದಿರುತ್ತೆ. ಅದಕ್ಕೇ ಬ್ರೌಸರ್ ನಮ್ಮನ್ನ ನಂಬ್ತಿಲ್ಲ. ಯಾರೋ ತಾರೀಕು ಬದಲಾಯಿಸಿದ್ದಾರೆ.”

ವಾರಿಜ ಫೋನಿಟ್ಟು ಮಗಳತ್ತ ತಿರುಗಿದಳು. “ಯಾರೇ ಇದನ್ನ ಮುಟ್ಟಿದ್ದು?”

“ನೀನೇ ಅಮ್ಮಾ. ನಾನು ಬೇಗ ಹೊರಡಲಿ ಅಂತ, ಗೋಡೆ ಗಡಿಯಾರದ ಹಾಗೆ ಇದನ್ನೂ ಹತ್ತು ನಿಮಿಷ ಮುಂದಿಡ್ತೀನಿ ಅಂತ ನಿನ್ನೆ ನೀನು ಕೂತಿದ್ದೆಯಲ್ಲ. ಕೈತಪ್ಪಿ ವರ್ಷಾನೇ ಮುಂದಿಟ್ಟಿದ್ದೀಯ.”

ವಾರಿಜ ಗೋಡೆಯತ್ತ ನೋಡಿದಳು. ಐದು ಗಂಟೆ ಐದು ನಿಮಿಷ. ಅವಳು ಕುರ್ಚಿಯಲ್ಲಿ ಕುಸಿದಳು.

“ಮುಗೀತು ಕಣೇ. ನಿನ್ನ ಸೀಟನ್ನ ನಾನೇ ಕೈಯಾರೆ ಕಳೆದೆ.”

“ಇನ್ನೂ ಐದು ನಿಮಿಷ ಇದೆ,” ಎಂದಳು ಮಗಳು, ತಾರೀಕು ಸರಿಮಾಡುತ್ತಾ. “ಆ ಗಡಿಯಾರಾನ ನಂಬೋದು ಈ ಮನೇಲಿ ನೀನೊಬ್ಬಳೇ ಅಮ್ಮಾ.”