ಬಿಚ್ಚಿದ ತುರುಬು

"ನಿಮ್ಮ ಕೆಲಸ ಏನಣ್ಣ?"

ಮನೆಮನೆಯ ದಿನಚರಿ, ದುಡಿಮೆ ಕೇಳಿ ಬರೆದುಕೊಳ್ಳಲು ಬಂದಿದ್ದ ಹುಡುಗಿ ಹಾಗೆಂದಾಗ, ಮಗಳ ಜಡೆ ಹೆಣೆಯುತ್ತಿದ್ದ ಅವನ ಬೆರಳುಗಳು ನಿಂತುಬಿಟ್ಟವು. "ಸದ್ಯಕ್ಕೆ ಏನೂ ಇಲ್ಲ," ಎಂದ. ಕಾರ್ಖಾನೆ ಮುಚ್ಚಿದಾಗಿನಿಂದ ಈ ಮಾತು ಹೇಳುವಾಗೆಲ್ಲ ಅವನ ಕಣ್ಣು ನೆಲ ನೋಡುತ್ತಿತ್ತು.

"ಅಪ್ಪಾ, ಸ್ಕೂಲಿಗೆ ಅರ್ಧ ಜಡೇಲಿ ಹೋಗ್ಲಾ?" ಎಂದಳು ಮಗಳು.

ಬಸ್ ಓಡಿಸಲು ಹೊರಟಿದ್ದ ಹೆಂಡತಿ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವನನ್ನೇ ನೋಡಿದಳು. ಆಮೇಲೆ ತಾನೇ ಕಟ್ಟಿಕೊಂಡಿದ್ದ ತುರುಬನ್ನು ಬಿಚ್ಚಿ, ಬಾಚಣಿಗೆಯನ್ನು ಅವನ ತೊಡೆಯ ಮೇಲಿಟ್ಟು, ಮಗಳ ಪಕ್ಕದಲ್ಲಿ ಅವನಿಗೆ ಬೆನ್ನು ಮಾಡಿ ಕೂತಳು. "ನಂದೂ ಇದೆ ರೀ. ನಿಮ್ಮಷ್ಟು ಬಿಗಿಯಾಗಿ ಕಟ್ಟೋಕೆ ನಂಗೆ ಬರಲ್ಲ."

ಹುಡುಗಿ ಮುಂದಿನ ಪ್ರಶ್ನೆಗೆ ಬಾಯಿ ತೆರೆದಳು. ಅವನು ತಲೆಯೆತ್ತಿದ.

"ಸ್ವಲ್ಪ ತಾಳಮ್ಮ," ಎಂದ, "ಕೆಲಸದಲ್ಲಿದ್ದೀನಿ."