ಮೊದಲ ಸುತ್ತು

"ಎರಡು ಬೈಕು ಅಂತ ಪೋಸ್ಟರ್ ಅಂಟಿಸಿ ಒಂದನ್ನೇ ಓಡಿಸಿದ್ರೆ ಜನ ಕುರ್ಚಿ ಎಸೀತಾರೆ," ಎಂದ ಸರ್ಕಸ್ಸಿನ ಮಾಲೀಕ.

"ಎಸೆಯೋಕೆ ಜನ ಎಲ್ಲಿದ್ದಾರೆ ಯಜಮಾನ್ರೇ?" ಎಂದ ಬೈಕ್ ಸವಾರ.

ಇಬ್ಬರೂ ಡೇರೆಯ ಪರದೆಯ ಹಿಂದೆ ನಿಂತಿದ್ದರು. ಸವಾರನ ಜೊತೆಗಾರ ಬೆಳಿಗ್ಗೆಯೇ ಗಂಟುಮೂಟೆ ಕಟ್ಟಿಕೊಂಡು, ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸಕ್ಕೆ ಹೊರಟುಹೋಗಿದ್ದ. ಹುಲಿ ಹೋಗಿ, ಆನೆ ಹೋಗಿ, ಬ್ಯಾಂಡಿನವರೂ ಹೋದ ಮೇಲೆ ಸರ್ಕಸ್ಸಿಗೆ ಉಳಿದಿದ್ದ ದೊಡ್ಡ ಆಟ ಇದೊಂದೇ: ಕಬ್ಬಿಣದ ಜಾಲರಿಯ ಗೋಳದೊಳಗೆ ಎರಡು ಬೈಕುಗಳು ಒಂದನ್ನೊಂದು ಮುಟ್ಟದೆ ಗೋಡೆ ಹತ್ತಿ ಸುತ್ತುವುದು. ಇವತ್ತು ಆಟ ನಿಂತರೆ ನಾಳೆ ಗೋಳ ಗುಜರಿಗೆ ಎಂದು ಮಾಲೀಕ ಹೇಳಿಯಾಗಿತ್ತು. ಸವಾರನಿಗೆ ಒಳಗೊಳಗೇ ಹಾಯೆನಿಸಿತ್ತು. ಪಾರ್ಸೆಲ್ ಕಂಪನಿಯಲ್ಲಿ ಅವನಿಗೂ ಒಂದು ಜಾಗವಿತ್ತು. ಹೆಂಡತಿಯೂ ಹೂಂ ಎಂದಿದ್ದಳು. ಅತ್ತೆಗೆ ಹೇಳುವುದೊಂದು ಬಾಕಿ. ಆಟ ತಾನಾಗಿ ನಿಂತುಹೋದರೆ ಹಾವೂ ಸತ್ತೀತು, ಕೋಲೂ ಮುರಿಯದು.

ಟಿಕೆಟ್ ಕಿಟಕಿ ಮುಚ್ಚಿಕೊಂಡು ಬಂದ ಅತ್ತೆ ಅವರಿಬ್ಬರ ಮಾತು ಕೇಳಿಸಿಕೊಂಡಿದ್ದಳು.

"ಇನ್ನೊಂದು ಬೈಕು ನಾನು ಓಡಿಸ್ತೀನಿ. ಟಿಕೆಟ್ ಹರಿದಾಗಿದೆ. ಹರಿದಿದ್ದನ್ನ ವಾಪಸ್ ಅಂಟಿಸೋಕಾಗುತ್ತಾ?"

ಸವಾರ ನಕ್ಕ. "ಅತ್ತೆ, ಮಾವ ಇದ್ದಾಗ ನೀವು ಓಡಿಸ್ತಿದ್ರಿ, ಒಪ್ಕೋತೀನಿ. ಆಮೇಲೆ ಬೈಕು ಮುಟ್ಟಿದ್ದೀರಾ?"

"ಊರೂರಲ್ಲಿ ಗೋಳ ಬಿಚ್ಚಿ ಜೋಡಿಸ್ತಾರಲ್ಲ, ಬೋಲ್ಟು ತಡೆಯುತ್ತೋ ಇಲ್ವೋ ಅಂತ ಮೊದಲ ಸುತ್ತು ಹಾಕಿ ನೋಡೋರು ಯಾರು ಅಂದ್ಕೊಂಡಿದ್ರಿ ಅಳಿಯಂದ್ರೇ?"

"ಫಿಟ್ಟರ್."

"ಫಿಟ್ಟರಿಗೆ ಸೈಕಲ್ಲೂ ಬರಲ್ಲ."

ಸವಾರ ಮಾಲೀಕನ ಮುಖ ನೋಡಿದ. ಮಾಲೀಕ ಪರದೆಯ ಹಗ್ಗ ಬಿಗಿಯುವವನಂತೆ ಆ ಕಡೆ ತಿರುಗಿಕೊಂಡ. ಮದುವೆಯಾಗಿ ಈ ಡೇರೆಗೆ ಬಂದಾಗಿನಿಂದ ಸವಾರ ಏಳುವುದು ಬಿಸಿಲೇರಿದ ಮೇಲೆಯೇ. ಜನರೇಟರಿನ ಪಕ್ಕದಲ್ಲೇ ಗೊರಕೆ ಹೊಡೆಯುವ ಆಸಾಮಿ. ಅವನು ಕಣ್ಣುಜ್ಜಿಕೊಂಡು ಬರುವಷ್ಟರಲ್ಲಿ ಗೋಳ ಸಿದ್ಧವಾಗಿರುತ್ತಿತ್ತು, ಅತ್ತೆ ಕಿಟಕಿಯ ಹಿಂದೆ ಕೂತು ಯಾರನ್ನೋ ಗದರುತ್ತಿರುತ್ತಿದ್ದಳು.

"ನಾನು ಮೇಲೆ, ನೀವು ಕೆಳಗೆ," ಎಂದ ಕೊನೆಗೆ. "ಅಡ್ಡ ಮಾತ್ರ ಬರಬೇಡಿ."

ಅಳಿಯನ ಹಳೆಯ ಪ್ಯಾಂಟು ಏರಿಸಿ ಬೆಲ್ಟು ಬಿಗಿದುಕೊಂಡಿದ್ದ ಅತ್ತೆ ತಲೆಯಾಡಿಸಿದಳು. ಹೆಲ್ಮೆಟ್ ಬೇಡವೆಂದಳು, ಕಿವಿ ಮುಚ್ಚುತ್ತದಂತೆ. ಹೊರಗಿನಿಂದ ಗೋಳದ ಬಾಗಿಲಿಗೆ ಚಿಲಕ ಬಿತ್ತು.

ಅವನು ಮೊದಲು ಹೊರಟ. ಎರಡೇ ಸುತ್ತಿನಲ್ಲಿ ಗೋಳದ ನಡುಮಟ್ಟಕ್ಕೆ ಏರಿದ. ಕೆಳಗೆ, ಸರಿಯಾಗಿ ಎದುರು ಬದಿಯಲ್ಲಿ, ಅತ್ತೆಯ ಬೈಕು ಅಳತೆ ಹಿಡಿದಂತೆ ಬರುತ್ತಿತ್ತು. ಪರವಾಗಿಲ್ಲವೇ ಎಂದುಕೊಂಡು ಅವನು ನೆತ್ತಿಯ ಕಡೆಗೆ ತಿರುಗಿಸಿದ. ಅಲ್ಲಿ ಅವನ ಇಂಜಿನ್ ಒಮ್ಮೆ ಬಿಕ್ಕಿತು. ಬೈಕು ಜಾರಿತು, ನೇರವಾಗಿ ಅತ್ತೆ ಬರಬೇಕಾದ ದಾರಿಗೇ. ಸವಾರ ಕಣ್ಣು ಮುಚ್ಚಿಕೊಂಡ. ಮುಗಿಯಿತು ಎಂದುಕೊಂಡ.

ಡಿಕ್ಕಿಯಾಗಲಿಲ್ಲ. ಅವನು ತಳದಲ್ಲಿ ಬಿದ್ದಿದ್ದ, ಮೊಣಕೈ ತರಚಿತ್ತು, ಅಷ್ಟೇ. ಅತ್ತೆ ಕೆಳಗಿರಲಿಲ್ಲ. ಆ ಬಿಕ್ಕು ಕಿವಿಗೆ ಬಿದ್ದ ಕ್ಷಣದಲ್ಲೇ ಅವಳು ದಾರಿ ಬಿಟ್ಟುಕೊಟ್ಟು, ಅವನು ಕಳೆದುಕೊಂಡ ಎತ್ತರವನ್ನು ಹಿಡಿದಿದ್ದಳು. ಅವನು ಎದ್ದು ಬೈಕನ್ನು ನಡುವೆ ಎಳೆದು ನೆಟ್ಟಗೆ ನಿಲ್ಲಿಸುವವರೆಗೆ ಅವಳು ಇಳಿಯುವಂತಿರಲಿಲ್ಲ. ಅವನು ನಿಲ್ಲಿಸಿದ. ಅವಳು ಇಳಿಯಲಿಲ್ಲ.

ಇಷ್ಟು ವರ್ಷ ಗೋಳದೊಳಗೆ ಸುತ್ತಿದವನು ಗೋಳದ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಓಡಿಸುವವನಿಗೆ ಕಾಣುವುದು ಚಕ್ರದ ಮುಂದಿನ ಒಂದು ಮಾರು ಜಾಲರಿ ಮಾತ್ರ. ಈಗ ನಟ್ಟನಡುವೆ ಬೈಕು ಅಪ್ಪಿ ನಿಂತು ಕತ್ತೆತ್ತಿ ನೋಡಿದ. ಅತ್ತೆ ನೆಲಕ್ಕೆ ಅಡ್ಡಲಾಗಿ, ಗಾಳಿಯ ಮೇಲೆ ಒರಗಿದವಳಂತೆ, ಅವನ ತಲೆಗಿಂತ ಎಷ್ಟೋ ಮೇಲೆ ಸುತ್ತುತ್ತಿದ್ದಳು. ಅವಳು ಹಾದಲ್ಲೆಲ್ಲ ಕಬ್ಬಿಣ ಗುಂಯ್ಗುಟ್ಟಿತು. ಸುತ್ತು ಸುತ್ತಿಗೂ ಗಾಳಿ ಬಂದು ಅವನ ಮುಖಕ್ಕೆ ಬಡಿಯಿತು. ನರೆತ ಕೂದಲು ಬಿಚ್ಚಿ ಹಾರುತ್ತಿತ್ತು. ಮುಖ ಮಾತ್ರ ಸೂಜಿಗೆ ದಾರ ಪೋಣಿಸುವವಳ ಮುಖ. ವೃತ್ತ ಓರೆಯಾಯಿತು, ಇನ್ನೂ ಓರೆಯಾಯಿತು, ಒಂದು ಕಡೆ ನೆತ್ತಿಯನ್ನು ಸವರಿ ಮತ್ತೊಂದು ಕಡೆ ಅವನ ಭುಜದ ಪಕ್ಕದಲ್ಲೇ ಹಾದುಹೋಯಿತು. ಅವನಿಗೆ ಭಯವಾಗಲಿಲ್ಲ. ಬಾಯಿ ತೆರೆದಿರುವುದೂ ತಿಳಿಯಲಿಲ್ಲ. ಹೊರಗೆ, ಇದ್ದ ನಾಲ್ಕು ಜನ ಎತ್ತಿ ಹಿಡಿದಿದ್ದ ಮೊಬೈಲುಗಳು ಒಂದೊಂದಾಗಿ ಮಡಿಲಿಗೆ ಇಳಿದವು.

ಕೊನೆಗೆ ಅವಳು ತಾನಾಗಿ ಇಳಿದು ಬಂದು, ಅವನ ಪಕ್ಕದಲ್ಲಿ ನಿಲ್ಲಿಸಿದಳು. ಹ್ಯಾಂಡಲ್ಲಿನಿಂದ ಬೆರಳು ಬಿಡಿಸಲು ಬರಲಿಲ್ಲ. ಅಳಿಯ ಒಂದೊಂದೇ ಬಿಡಿಸಿದ.

ಹೊರಗಿನಿಂದ ಮಾಲೀಕ ಜಾಲರಿಗೆ ಮುಖವೊತ್ತಿ, "ನಾಳೆ ಅತ್ತೆ-ಅಳಿಯ ಅಂತಲೇ ಪೋಸ್ಟರ್ ಹಾಕಿಸ್ತೀನಿ," ಎನ್ನುತ್ತಿದ್ದ.

ಸವಾರ ಅತ್ತೆಯ ಕಡೆ ತಿರುಗಿದ. "ಅತ್ತೆ, ನಿಮಗೊಂದು ಮಾತು ಹೇಳಬೇಕಿತ್ತು..."

"ಗೊತ್ತು. ಮಗಳು ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬ್ತಿರೋದು ನೋಡಿದ್ರೆ ತಿಳಿಯಲ್ವಾ?" ಅತ್ತೆ ತೋಳಿನಿಂದ ಮುಖದ ಬೆವರು ಒರೆಸಿಕೊಂಡಳು. "ಮನೆ ನೋಡೋವಾಗ ಕೆಳಗಿನದೇ ನೋಡಿ ಅಳಿಯಂದ್ರೇ. ಮೆಟ್ಟಿಲು ಹತ್ತೋಕೆ ನನ್ನ ಕೈಲಾಗಲ್ಲ."